ವಿದ್ಯುತ್ತನ್ನು ಹರಿಸುವ ಬಣ್ಣಗಳು

ಚಿಕ್ಕಮಗಳೂರಿನ ಪೇಟೆಯಲ್ಲಿ ಯಾವುದೇ ಬಣ್ಣದಂಗಡಿಗೆ ಹೋಗಿ ‘ಸಿಲ್ವರ್ ಪೇಂಟ್’ ಬೇಕೆಂದು ಕೇಳಿದರೆ ಅಂಗಡಿಯವರು ಮರುಮಾತಿಲ್ಲದೆ ಒಂದು ಡಬ್ಬಿಯನ್ನು ತೆಗೆದು ಮುಂದಿಡುತ್ತಾರೆ. ತೋಟದ ಗೇಟು, ನೀರಿನ ಟ್ಯಾಂಕು, ಪಲ್ಪರ್ ಮನೆಯ ಕಬ್ಬಿಣದ ಕಂಬ, ಗೋದಾಮಿನ ಬಾಗಿಲು ಇವೆಲ್ಲಕ್ಕೂ ಮಲೆನಾಡಿನಲ್ಲಿ ಬಳಿಯುವುದು ಇದನ್ನೇ. ಹೊಸದಾಗಿ ಬಳಿದಾಗ ಅದರ ಹೊಳಪು ನಿಜವಾದ ಬೆಳ್ಳಿಯನ್ನೂ ನಾಚಿಸುವಂತಿರುತ್ತದೆ. ಆದರೆ ಆ ಡಬ್ಬಿಯಲ್ಲಿ ಬೆಳ್ಳಿಯ ಒಂದು ಕಣವೂ ಇಲ್ಲ. ಅದರಲ್ಲಿರುವುದು ಅಲ್ಯೂಮಿನಿಯಮಿನ ನುಣ್ಣನೆಯ ಹುಡಿ. ಇದರಲ್ಲಿ ಮೋಸವೇನೂ ಇಲ್ಲ. ಬಣ್ಣಕ್ಕೆ ಅದರ ನೋಟದಿಂದ ಹೆಸರು ಬಂದಿದೆ, ಅಷ್ಟೆ.

ಅಲ್ಯೂಮಿನಿಯಮು ವಿದ್ಯುತ್ತಿನ ಉತ್ತಮ ವಾಹಕವೆಂಬುದನ್ನು ಎಲ್ಲರೂ ಬಲ್ಲರು. ಮೂಡಿಗೆರೆಯಿಂದ ಕಳಸದವರೆಗೆ ಗುಡ್ಡಗಳನ್ನು ಹತ್ತಿಳಿಯುತ್ತ ಸಾಗುವ ವಿದ್ಯುತ್ ತಂತಿಗಳು ಆ ಲೋಹದವೇ. ಹೀಗಿರಲು, ಅದರ ಹುಡಿಯಿಂದ ಮಾಡಿದ ಬಣ್ಣವನ್ನು ಬಳಿದ ಮರದ ಹಲಗೆಯೂ ವಿದ್ಯುತ್ತನ್ನು ಹರಿಸಬೇಕಲ್ಲವೆ? ಒಣಗಿದ ಬಣ್ಣದ ಮೇಲೆ ಮಲ್ಟಿಮೀಟರಿನ ಎರಡು ಮೊನೆಗಳನ್ನು ಒಂದಂಗುಲದ ಅಂತರದಲ್ಲಿಟ್ಟು ನೋಡಿದರೆ ಉತ್ತರ ಸಿಕ್ಕುತ್ತದೆ. ಮೀಟರಿನ ಮುಳ್ಳು ಅಲುಗುವುದೇ ಇಲ್ಲ. ಕಣ್ಣಿಗೆ ಲೋಹದ ಹಾಳೆಯಂತೆ ತೋರುವ ಈ ಲೇಪವು ವಿದ್ಯುತ್ತಿನ ಪಾಲಿಗೆ ಒಣ ಮರಕ್ಕಿಂತ ಹೆಚ್ಚಿನದೇನೂ ಅಲ್ಲ.

ಲೋಹವಿದ್ದಲ್ಲಿ ವಿದ್ಯುತ್ತು ಹರಿಯುತ್ತದೆಂದು ನಾವು ಶಾಲೆಯಲ್ಲಿ ಕಲಿಯುತ್ತೇವೆ. ಹುಡಿಯ ವಿಷಯದಲ್ಲಿ ಈ ಮಾತಿಗೆ ಒಂದು ತಿದ್ದುಪಡಿ ಬೇಕು: ಲೋಹವು ಲೋಹವನ್ನು ಮುಟ್ಟಿದಲ್ಲಿ ಮಾತ್ರ ಹರಿಯುತ್ತದೆ. ಅಲ್ಯೂಮಿನಿಯಮು ಗಾಳಿಗೆ ತೆರೆದ ಕ್ಷಣದಲ್ಲೇ ಆಮ್ಲಜನಕದೊಡನೆ ಕೂಡಿ ತನ್ನ ಮೈಮೇಲೆ ಆಕ್ಸೈಡಿನ ಪೊರೆಯೊಂದನ್ನು ಬೆಳೆಸಿಕೊಳ್ಳುತ್ತದೆ. ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರಲ್ಲಿ ಮೂರು ನಾಲ್ಕು ಪಾಲಿನಷ್ಟೇ ಈ ಪೊರೆಯ ದಪ್ಪ. ಆದರೆ ಅದು ಒಳ್ಳೆಯ ಅವಾಹಕ. ತಂತಿಯಲ್ಲಿ ಈ ಪೊರೆ ಹೊರಮೈಯಲ್ಲಿ ಮಾತ್ರವಿರುವುದರಿಂದ ಒಳಗಿನ ಪ್ರವಾಹಕ್ಕೆ ಅಡ್ಡಿಯಿಲ್ಲ. ಹುಡಿಯಲ್ಲಾದರೋ ಪ್ರತಿಯೊಂದು ಕಣವೂ ತನ್ನದೇ ಆದ ಪೊರೆಯೊಳಗೆ ಬಂದಿ. ಅದರ ಮೇಲೆ, ಕಣಗಳನ್ನು ಅರೆಯುವಾಗ ಸೇರಿಸಿದ ಸ್ಟಿಯರಿಕ್ ಆಮ್ಲದ ಜಿಡ್ಡು. ಅದರ ಸುತ್ತ ಬಣ್ಣವನ್ನು ಗೋಡೆಗೆ ಅಂಟಿಸುವ ರಾಳದ ಬಂಧಕ. ಮೀನಿನ ಹುರುಪೆಗಳಂತೆ ಒಂದರ ಮೇಲೊಂದು ಒರಗಿ ನಿಂತರೂ ಈ ಚಕ್ಕೆಗಳು ಒಂದನ್ನೊಂದು ಮುಟ್ಟಿರುವುದಿಲ್ಲ.

ಈ ಸಂಗತಿ ವಿಜ್ಞಾನಿಗಳಿಗೆ ತಿಳಿದು ಬಹುಕಾಲವಾಯಿತು. ೧೮೯೦ರಲ್ಲಿ ಪ್ಯಾರಿಸಿನ ಎಡ್ವರ್ ಬ್ರಾನ್ಲಿ ಎಂಬ ಭೌತಶಾಸ್ತ್ರಜ್ಞರು ಗಾಜಿನ ನಳಿಗೆಯಲ್ಲಿ ಲೋಹದ ಅರದ ಪುಡಿಯನ್ನು ತುಂಬಿ ಅದರ ರೋಧವನ್ನು ಅಳೆಯುತ್ತಿದ್ದಾಗ, ರೋಧವು ಬಹಳ ಹೆಚ್ಚಾಗಿರುವುದನ್ನು ಕಂಡರು. ಆದರೆ ಹತ್ತಿರದಲ್ಲೆಲ್ಲಾದರೂ ವಿದ್ಯುತ್ ಕಿಡಿ ಹಾರಿದೊಡನೆ ಅದು ಥಟ್ಟನೆ ಇಳಿದುಬಿಡುತ್ತಿತ್ತು. ನಳಿಗೆಯನ್ನು ಬೆರಳಿನಿಂದ ತಟ್ಟಿದರೆ ಮತ್ತೆ ಏರುತ್ತಿತ್ತು. ಕಿಡಿಯಿಂದ ಹೊರಟ ರೇಡಿಯೋ ಅಲೆಯು ಕಣಗಳ ನಡುವಿನ ಪೊರೆಯನ್ನು ಭೇದಿಸಿ ಅವುಗಳಿಗೆ ಪರಸ್ಪರ ಸಂಪರ್ಕವನ್ನು ಕಲ್ಪಿಸುತ್ತಿತ್ತು. ಮೊತ್ತಮೊದಲ ನಿಸ್ತಂತು ಗ್ರಾಹಕಗಳಲ್ಲಿ ಅಲೆಯನ್ನು ಗುರುತಿಸುತ್ತಿದ್ದುದು ಇಂಥ ನಳಿಗೆಯೇ. ಅವರಿಗೆ ಪೊರೆಯು ವರವಾಯಿತು. ಬಣ್ಣ ತಯಾರಿಸುವವರಿಗೆ ಅದೇ ಶಾಪ.

ಬೆಳ್ಳಿಯ ಹೆಸರು ಬಂದುದರಿಂದ ಇಲ್ಲಿ ಇನ್ನೊಂದು ಮಾತನ್ನು ಹೇಳಬಹುದು. ಮತದಾನದ ದಿನ ನಮ್ಮ ಬೆರಳಿಗೆ ಹಚ್ಚುವ ಅಳಿಸಲಾರದ ಶಾಯಿ ಮೈಸೂರಿನಲ್ಲಿ ತಯಾರಾಗುತ್ತದೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ೧೯೩೭ರಲ್ಲಿ, ಅರಗು ಮತ್ತು ಬಣ್ಣದ ಕಾರ್ಖಾನೆಯಾಗಿ ಸ್ಥಾಪಿತವಾಗಿ ಈಗ ಮೈಸೂರ್ ಪೇಂಟ್ಸ್ ಅಂಡ್ ವಾರ್ನಿಷ್ ಎಂಬ ಹೆಸರಿನಿಂದ ನಡೆಯುತ್ತಿರುವ ಸಂಸ್ಥೆಯು ೧೯೬೨ರ ಮಹಾಚುನಾವಣೆಯಿಂದ ಇದನ್ನು ಒದಗಿಸುತ್ತಿದೆ. ಸಿಲ್ವರ್ ಪೇಂಟಿನಲ್ಲಿ ಇಲ್ಲದ ಬೆಳ್ಳಿ ಈ ನೇರಳೆ ಶಾಯಿಯಲ್ಲಿ ಉಂಟು. ಆದರೆ ಅಲ್ಲಿರುವುದು ಸಿಲ್ವರ್ ನೈಟ್ರೇಟ್ ಎಂಬ ಲವಣ, ಲೋಹವಲ್ಲ. ತೋಟದವರು ಎಲೆ ತುಕ್ಕು ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ತಾಮ್ರವೂ ಹಾಗೆಯೇ ಸಂಯುಕ್ತರೂಪದಲ್ಲಿರುವುದು. ಬಣ್ಣವು ವಿದ್ಯುತ್ತನ್ನು ಹರಿಸಬೇಕಾದರೆ ಲೋಹವು ಲೋಹವಾಗಿಯೇ ಇರಬೇಕು, ಕಣಗಳು ತೀರ ಒತ್ತೊತ್ತಾಗಿರಬೇಕು, ಅವುಗಳ ಮೈ ತಕ್ಕಮಟ್ಟಿಗೆ ಶುದ್ಧವಾಗಿರಬೇಕು.

ಇಂಥ ಬಣ್ಣದಿಂದ ಕಾಫಿಯ ನಾಡಿಗೆ ಏನು ಪ್ರಯೋಜನ ಎಂದು ವಾಚಕರು ಕೇಳಬಹುದು. ಪ್ರಯೋಜನವು ಕಣದಲ್ಲಿ ಕಾಫಿಯನ್ನು ಒಣಗಿಸುವ ಕೆಲಸಕ್ಕೆ ಸಂಬಂಧಪಟ್ಟದ್ದು. ಬೀಜದಲ್ಲಿ ತೇವಾಂಶವು ನೂರಕ್ಕೆ ೧೦ರಿಂದ ೧೨ರ ಸುಮಾರಿಗೆ ಇಳಿದಾಗ ಮೂಟೆ ಕಟ್ಟಬೇಕು. ಅದಕ್ಕಿಂತ ಹಸಿಯಾಗಿದ್ದರೆ ಗೋದಾಮಿನಲ್ಲಿ ಬೂಷ್ಟು ಹಿಡಿಯುತ್ತದೆ, ರುಚಿ ಕೆಡುತ್ತದೆ. ಕೆಲವು ಬೂಷ್ಟುಗಳು ಓಕ್ರಟಾಕ್ಸಿನ್ ಎಂಬ ವಿಷವನ್ನೂ ಬಿಡುತ್ತವೆ. ಅದಕ್ಕಿಂತ ಹೆಚ್ಚು ಒಣಗಿಸಿದರೆ ಬೀಜ ಪೆಡಸಾಗಿ ಸಿಪ್ಪೆ ಸುಲಿಯುವಾಗ ಒಡೆಯುತ್ತದೆ, ತೂಕವೂ ನಷ್ಟ. ಐವತ್ತು ಕಿಲೋಗ್ರಾಮಿನ ನೂರು ಮೂಟೆ ಬೆಳೆಯುವವನು ಒಂದು ಶೇಕಡಾ ಹೆಚ್ಚಾಗಿ ಒಣಗಿಸಿದರೆ ಒಂದು ಮೂಟೆಯ ತೂಕದಷ್ಟು ನೀರನ್ನು ಸೂರ್ಯನಿಗೆ ದಾನ ಮಾಡಿದಂತಾಯಿತು. ವ್ಯಾಪಾರಿಯು ನೀರಿಗೂ ಕಾಫಿಯ ಬೆಲೆಯನ್ನೇ ಕೊಡುತ್ತಿದ್ದನೆಂಬುದನ್ನು ಇಲ್ಲಿ ಮರೆಯಬಾರದು.

ಈ ತೇವವನ್ನು ತಿಳಿಯಲು ಹಿರಿಯ ಬೆಳೆಗಾರರು ಬೀಜವನ್ನು ಹಲ್ಲಿನಿಂದ ಕಚ್ಚಿ ನೋಡುತ್ತಾರೆ. ನಲವತ್ತು ಲೀಟರ್ ಹಿಡಿಯುವ ಫೋರ್ಲಿಟ್ ಎಂಬ ಅಳತೆಯಲ್ಲಿ ತುಂಬಿ ತೂಗುವುದೂ ಉಂಟು. ಇವೆರಡಕ್ಕಿಂತ ಬೇಗನೆ ಉತ್ತರ ಕೊಡುವುದು ತೇವಮಾಪಕ. ಅದರ ಮರ್ಮ ಸರಳವಾದದ್ದು. ಒಂದರೊಳಗೊಂದು ನಿಲ್ಲಿಸಿದ ಎರಡು ಲೋಹದ ಉರುಳೆಗಳು ಒಂದು ವಿದ್ಯುದ್ಧಾರಕವಾಗುತ್ತವೆ. ಅವುಗಳ ನಡುವೆ ಕಾಫಿ ಬೀಜವನ್ನು ಸುರಿದರೆ ಧಾರಕತೆ ಹೆಚ್ಚುತ್ತದೆ. ಒಣಗಿದ ಸಸ್ಯಪದಾರ್ಥದ ಪರಾವೈದ್ಯುತಾಂಕ ಎರಡರಿಂದ ನಾಲ್ಕು. ನೀರಿನದು ಸುಮಾರು ಎಂಬತ್ತು. ಆದುದರಿಂದ ಬೀಜದಲ್ಲಿ ನೀರು ಸ್ವಲ್ಪ ಹೆಚ್ಚಾದರೂ ಧಾರಕತೆ ಅದನ್ನು ಹೇಳಿಬಿಡುತ್ತದೆ.

ನಮ್ಮ ಪ್ರಯೋಗಶಾಲೆಯಲ್ಲಿ ಪದವಿ ತರಗತಿಯ ವಿದ್ಯಾರ್ಥಿಗಳು ಇಂಥದೊಂದು ಮಾಪಕವನ್ನು ಕಟ್ಟಿದರು. ಹಲವರು ಕಾಫಿ ಬೆಳೆಗಾರರ ಮಕ್ಕಳಾದುದರಿಂದ ಬೀಜಕ್ಕೇನೂ ಕೊರತೆಯಿರಲಿಲ್ಲ. ಉಪಕರಣವನ್ನು ಪ್ಲಾಸ್ಟಿಕ್ ಡಬ್ಬಿಯೊಳಗೆ ಕೂರಿಸಿದಾಗ ಒಂದು ವಿಚಿತ್ರ ಕಂಡಿತು: ಡಬ್ಬಿಯ ಬಳಿಗೆ ಕೈ ತಂದರೆ ಸಾಕು, ಮುಳ್ಳು ಸರಿಯುತ್ತಿತ್ತು. ಕೈ ಹಿಂದೆಗೆದರೆ ಕಾಫಿ ಒಣಗುತ್ತಿತ್ತು, ಕೈಯಿಟ್ಟರೆ ಒದ್ದೆಯಾಗುತ್ತಿತ್ತು! ಮನುಷ್ಯನ ದೇಹವೂ ಒಂದು ವಾಹಕವೇ. ಅಳೆಯುವ ಮಂಡಲದ ಧಾರಕತೆಗೆ ಕೈಯ ಧಾರಕತೆಯೂ ಕೂಡಿಕೊಳ್ಳುತ್ತಿತ್ತು.

ಇದಕ್ಕೆ ಮದ್ದನ್ನು ೧೮೩೬ರಲ್ಲೇ ಮೈಕೆಲ್ ಫ್ಯಾರಡೆ ತೋರಿಸಿಕೊಟ್ಟಿದ್ದರು. ಅವರು ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಹನ್ನೆರಡಡಿ ಉದ್ದಗಲ ಎತ್ತರಗಳ ಮರದ ಚೌಕಟ್ಟೊಂದನ್ನು ಕಟ್ಟಿಸಿ, ಅದಕ್ಕೆ ತಂತಿ ಸುತ್ತಿ, ಕಾಗದ ಹೊದಿಸಿ, ಕಾಗದದ ಮೇಲೆ ತವರದ ಹಾಳೆಯ ಪಟ್ಟಿಗಳನ್ನು ಅಂಟಿಸಿದರು. ಹೊರಗಿನಿಂದ ಯಂತ್ರದ ಮೂಲಕ ಅದಕ್ಕೆ ವಿದ್ಯುದಾವೇಶ ಕೊಟ್ಟು ಕಿಡಿಗಳು ಹಾರುತ್ತಿರುವಾಗ, ಒಳಗೆ ಕುಳಿತ ಫ್ಯಾರಡೆಯವರ ಸೂಕ್ಷ್ಮ ವಿದ್ಯುದ್ದರ್ಶಕವು ಏನನ್ನೂ ತೋರಿಸಲಿಲ್ಲ. ದಪ್ಪನೆಯ ಲೋಹದ ಗೋಡೆ ಬೇಕಿಲ್ಲ. ಸುತ್ತಲೂ ಬಿಡದೆ ಆವರಿಸಿದ ತೆಳುವಾದ ವಾಹಕ ಹೊದಿಕೆಯೇ ಸಾಕು. ಪ್ಲಾಸ್ಟಿಕ್ ಡಬ್ಬಿಯ ಒಳಮೈಗೆ ವಾಹಕ ಬಣ್ಣವನ್ನು ಬಳಿದು ಅದನ್ನು ಮಂಡಲದ ನೆಲತಂತಿಗೆ ಜೋಡಿಸಿದರೆ ಅದೂ ಒಂದು ಫ್ಯಾರಡೆ ಪಂಜರವಾಗುತ್ತದೆ.

ತಗಡಿನ ಡಬ್ಬಿಯಲ್ಲೇ ಇಟ್ಟರೆ ಆಗದೆ? ಧಾರಾಳವಾಗಿ ಆಗುತ್ತದೆ, ವಿದ್ಯುತ್ತಿನ ದೃಷ್ಟಿಯಿಂದ ಅದೇ ಉತ್ತಮ. ಆದರೆ ಮಲೆನಾಡಿನ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ತಗಡು ತುಕ್ಕು ಹಿಡಿಯುತ್ತದೆ. ಪ್ಲಾಸ್ಟಿಕ್ಕಿಗೆ ಆ ಭಯವಿಲ್ಲ. ಅದು ಹಗುರ, ಅಗ್ಗ, ಬೇಕಾದ ಆಕಾರದಲ್ಲಿ ಸಿಗುವಂಥದು. ಲೋಕದ ಕಾರ್ಖಾನೆಗಳೂ ಹೀಗೆಯೇ ಯೋಚಿಸಿದವು. ಗಣಕಯಂತ್ರಗಳು ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಮನೆಮನೆಗೆ ಬರತೊಡಗಿ ನೆರೆಯವರ ರೇಡಿಯೋ ಟೆಲಿವಿಷನ್ನುಗಳಿಗೆ ತೊಂದರೆಯಾದಾಗ, ಅಮೆರಿಕದ ಸಂಪರ್ಕ ಆಯೋಗವು ೧೯೭೯ರಲ್ಲಿ ಅವು ಹೊರಸೂಸುವ ಅಲೆಗಳಿಗೆ ಮಿತಿ ಹಾಕಿತು. ಪೆಟ್ಟಿಗೆಯ ಒಳಮೈಗೆ ನಿಕ್ಕಲಿನ ಬಣ್ಣವನ್ನು ಸಿಂಪಡಿಸುವ ಪದ್ಧತಿ ಬಹುವಾಗಿ ಹರಡಿದುದು ಆ ಬಳಿಕ.

ಇನ್ನು ಬಣ್ಣದ ಒಳಗುಟ್ಟು. ರಾಳದಲ್ಲಿ ಲೋಹದ ಹುಡಿಯನ್ನು ಚಿಟಿಕೆ ಚಿಟಿಕೆಯಾಗಿ ಬೆರೆಸುತ್ತ ಹೋದರೆ ವಾಹಕತ್ವವೂ ಚಿಟಿಕೆ ಚಿಟಿಕೆಯಾಗಿ ಏರೀತೆಂದು ತೋರುತ್ತದೆ. ಹಾಗಾಗುವುದಿಲ್ಲ. ಬಹುದೂರ ಏನೂ ಆಗದೆ, ಒಂದು ಹಂತ ಬಂದೊಡನೆ ರೋಧವು ಸಾವಿರ ಪಟ್ಟು, ಲಕ್ಷ ಪಟ್ಟು ಕುಸಿಯುತ್ತದೆ. ಕಣಗಳು ಒಂದನ್ನೊಂದು ಮುಟ್ಟಿ ಈ ತುದಿಯಿಂದ ಆ ತುದಿಯವರೆಗೆ ಒಂದಾದರೂ ಅಖಂಡ ಸರಪಳಿ ಏರ್ಪಟ್ಟ ಗಳಿಗೆ ಅದು. ಈ ಬಗೆಯ ಸಮಸ್ಯೆಗಳಿಗೆ ಗಣಿತದ ರೂಪವನ್ನು ಕೊಟ್ಟವರು ಇಂಗ್ಲೆಂಡಿನ ಬ್ರಾಡ್‌ಬೆಂಟ್ ಮತ್ತು ಹ್ಯಾಮರ್ಸ್ಲಿ ಎಂಬವರು, ೧೯೫೭ರಲ್ಲಿ. ಅವರ ಮುಂದಿದ್ದ ಪ್ರಶ್ನೆಗಳಲ್ಲೊಂದು, ವಿಷಾನಿಲದಿಂದ ಕಾಪಾಡುವ ಮುಖವಾಡದ ಇದ್ದಲಿನ ರಂಧ್ರಗಳಲ್ಲಿ ಅನಿಲವು ಹೇಗೆ ದಾರಿ ಕಂಡುಕೊಳ್ಳುತ್ತದೆ ಎಂಬುದು. ಅವರು ಇಟ್ಟ ಹೆಸರು ‘ಪರ್ಕೊಲೇಷನ್’. ಕಾಫಿ ಫಿಲ್ಟರಿನಲ್ಲಿ ಬಿಸಿನೀರು ಪುಡಿಯ ನಡುವೆ ದಾರಿ ಹುಡುಕುತ್ತ ಕೆಳಗಿಳಿಯುವುದಕ್ಕೂ ಇಂಗ್ಲಿಷಿನಲ್ಲಿ ಅದೇ ಮಾತು. ಪುಡಿಯನ್ನು ತೀರ ಒತ್ತಿ ತುಂಬಿದ ದಿನ ಡಿಕಾಕ್ಷನ್ ಒಂದು ತೊಟ್ಟೂ ಇಳಿಯದೆ ಮನೆಯವರೆಲ್ಲ ಕಾದು ಕುಳಿತುದು ಯಾರ ಅನುಭವದಲ್ಲಿಲ್ಲ? ದಾರಿ ಒಂದೋ ಇರುತ್ತದೆ, ಇಲ್ಲವೋ ಇರುವುದಿಲ್ಲ.

ಇದನ್ನು ತರಗತಿಯಲ್ಲಿ ತೋರಿಸುವುದು ಸುಲಭ. ಗಾಜಿನ ಭರಣಿಯ ತಳದಲ್ಲೂ ಮೇಲೂ ಸುಕ್ಕುಮಾಡಿದ ಲೋಹದ ಹಾಳೆಯನ್ನಿಟ್ಟು, ನಡುವೆ ಒಂದೇ ಗಾತ್ರದ ಗಾಜಿನ ಮಣಿಗಳನ್ನೂ ಉಕ್ಕಿನ ಗುಂಡುಗಳನ್ನೂ ಬೆರೆಸಿ ತುಂಬಬೇಕು. ಉಕ್ಕಿನವು ನೂರಕ್ಕೆ ಇಪ್ಪತ್ತಿರುವಾಗ ಪ್ರವಾಹವಿಲ್ಲ. ಮೂವತ್ತರ ಸುಮಾರಿಗೆ ಬಂದಾಗ ಮೀಟರು ಇದ್ದಕ್ಕಿದ್ದಂತೆ ಎಚ್ಚೆತ್ತುಕೊಳ್ಳುತ್ತದೆ. ಗುಂಡುಗಳ ನಡುವಿನ ಖಾಲಿ ಜಾಗವನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಲೋಹವು ಒಟ್ಟು ಗಾತ್ರದ ಆರನೆಯ ಒಂದು ಭಾಗದಷ್ಟಾದಾಗ ದಾರಿ ತೆರೆಯಿತೆಂದು ಹೇಳಬಹುದು. ನಿಜವಾದ ಬಣ್ಣಗಳಲ್ಲಿ ಇದಕ್ಕಿಂತ ಬಹಳ ಹೆಚ್ಚು ಲೋಹವನ್ನು ತುಂಬಿರುತ್ತಾರೆ. ವಾಹಕ ಬಣ್ಣವು ‘ಗಟ್ಟಿಯಾಗಿದೆ’ ಎಂದು ಅದಕ್ಕೆ ಮನೆಯಲ್ಲಿದ್ದ ಬೇರೆ ವಾರ್ನಿಷನ್ನು ಬೆರೆಸುವವರು ಈ ಮಿತಿಯ ಕೆಳಕ್ಕೆ ಜಾರಿಬಿಡುತ್ತಾರೆ. ತೆಳ್ಳಗೆ ಮಾಡಬೇಕಾದರೆ ತಯಾರಕರು ಹೇಳಿದ ತಿನ್ನರನ್ನೇ ಹಾಕತಕ್ಕದ್ದು; ತಿನ್ನರು ಹಾರಿಹೋಗುತ್ತದೆ, ವಾರ್ನಿಷು ಉಳಿದುಕೊಳ್ಳುತ್ತದೆ. ಹಸಿಯಾಗಿದ್ದಾಗ ಅಳೆದು ನಿರಾಶರಾಗಲೂಬಾರದು. ಬಂಧಕವು ಒಣಗಿ ಕುಗ್ಗಿದಂತೆ ಕಣಗಳನ್ನು ಹತ್ತಿರಕ್ಕೆ ಎಳೆಯುತ್ತದೆ. ರೋಧವು ಮಾರನೆಯ ದಿನದವರೆಗೂ ಇಳಿಯುತ್ತಿರುತ್ತದೆ.

ಯಾವ ಲೋಹವನ್ನು ಆರಿಸಬೇಕು? ಪಠ್ಯಪುಸ್ತಕದ ಪಟ್ಟಿಯಲ್ಲಿ ಬೆಳ್ಳಿ ಮೊದಲು, ತಾಮ್ರ ಅದರ ಬೆನ್ನಿಗೇ, ನಿಕ್ಕಲು ಇವೆರಡಕ್ಕಿಂತ ನಾಲ್ಕು ಪಟ್ಟು ಹಿಂದೆ. ಈ ಪಟ್ಟಿಯನ್ನು ನಂಬಿ ಬಣ್ಣ ಕೊಳ್ಳುವುದು ಉಚಿತವಲ್ಲ. ಪಟ್ಟಿಯಿರುವುದು ಅಖಂಡವಾದ ಲೋಹಕ್ಕೆ, ನಮಗೆ ಬೇಕಾದುದು ಕಣಗಳ ಸಂಪರ್ಕ; ಅದಕ್ಕೆ ಕಳಸ, ಮೂಡಿಗೆರೆಗಳ ಹವೆಯಲ್ಲಿ ಏನಾಗುತ್ತದೆಂಬುದೇ ಮುಖ್ಯ. ತಾಮ್ರದ ಬಣ್ಣ ಮೊದಲ ದಿನ ಬಹಳ ಚೆನ್ನಾಗಿರುತ್ತದೆ. ಆದರೆ ತಾಮ್ರದ ಆಕ್ಸೈಡ್ ತಡೆಯಿಲ್ಲದೆ ಬೆಳೆಯುತ್ತ ಹೋಗುವ ಜಾತಿಯದು. ತೇವವಿದ್ದಲ್ಲಿ ಇನ್ನೂ ಬೇಗ. ನಾಲ್ಕು ತಿಂಗಳು ಒದ್ದೆ ಗಾಳಿ ಬೀಸುವ ಊರಿನಲ್ಲಿ ರಕ್ಷಣೆಯಿಲ್ಲದ ತಾಮ್ರದ ಹುಡಿಯನ್ನು ನಾನು ಯಾರಿಗೂ ಸಲಹೆ ಮಾಡಲಾರೆ. ತಾಮ್ರದ ಕಣಕ್ಕೆ ಬೆಳ್ಳಿಯ ಮುಲಾಮು ಮಾಡಿದ ಹುಡಿಯ ಬಣ್ಣಗಳು ದೊರೆಯುತ್ತವೆ. ಇವು ಗುಣದಲ್ಲಿ ಬೆಳ್ಳಿಗೆ ಸಮೀಪ, ಬೆಲೆಯಲ್ಲಿ ಅದಕ್ಕಿಂತ ಕಡಿಮೆ.

ಅಪ್ಪಟ ಬೆಳ್ಳಿಯ ಬಣ್ಣ ಅತ್ಯುತ್ತಮವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದಕ್ಕೂ ಒಂದು ದುರಭ್ಯಾಸವುಂಟು. ತೇವವಿದ್ದು ನಿರಂತರವಾಗಿ ಒಂದೇ ದಿಕ್ಕಿನ ವೋಲ್ಟೇಜೂ ಇದ್ದರೆ ಬೆಳ್ಳಿಯು ಅಯಾನುಗಳಾಗಿ ಕರಗಿ ಅವಾಹಕದ ಮೇಲೆ ಪ್ರಯಾಣ ಮಾಡಿ, ಇನ್ನೊಂದು ತುದಿಯಲ್ಲಿ ಜರೀಗಿಡದ ಎಲೆಯಂತೆ ಕವಲೊಡೆದು ಬೆಳೆಯುತ್ತದೆ. ಕೊನೆಗೆ ಎರಡು ಧ್ರುವಗಳನ್ನೂ ಕೂಡಿಸಿಬಿಡುತ್ತದೆ. ಟೆಲಿಫೋನ್ ಉಪಕರಣಗಳಲ್ಲಿ ಈ ‘ವಲಸೆ’ಯ ಹಾವಳಿಯನ್ನು ಅಮೆರಿಕದ ಬೆಲ್ ಪ್ರಯೋಗಾಲಯದವರು ೧೯೫೫ರಲ್ಲಿ ವಿವರವಾಗಿ ವರ್ಣಿಸಿದರು. ಬೆಳ್ಳಿಯ ಲೇಪವನ್ನು ಬ್ಯಾಟರಿಯ ಧನಧ್ರುವದಿಂದ ದೂರವಿಡಬೇಕೆಂಬುದು ಇದರ ತಾತ್ಪರ್ಯ.

ನಿಕ್ಕಲಿನ ಮೈಮೇಲೂ ಆಕ್ಸೈಡ್ ಉಂಟು, ಆದರೆ ಅದು ತೆಳುವಾಗಿ ಬೆಳೆದು ನಿಂತುಬಿಡುತ್ತದೆ. ೧೮೯೦ರಲ್ಲಿ ಲುಡ್ವಿಗ್ ಮಾಂಡ್ ಪ್ರಕಟಿಸಿದ, ನಿಕ್ಕಲನ್ನು ಅನಿಲರೂಪದ ಸಂಯುಕ್ತವಾಗಿಸಿ ಮತ್ತೆ ಲೋಹವಾಗಿ ಇಳಿಸುವ ವಿಧಾನದಿಂದ ಪಡೆದ ಹುಡಿಯ ಕಣಗಳು ಹಲಸಿನ ಹಣ್ಣಿನಂತೆ ಮೈತುಂಬ ಮುಳ್ಳುಳ್ಳವು. ಒಂದರ ಮುಳ್ಳು ಇನ್ನೊಂದರ ಮೈಯನ್ನು ಚುಚ್ಚಿ ಸಂಪರ್ಕವನ್ನು ಸಾಧಿಸುತ್ತದೆ. ಹೀಗೆ ಪಟ್ಟಿಯಲ್ಲಿ ಹಿಂದುಳಿದ ಲೋಹವು ಬಣ್ಣದಲ್ಲಿ ಮುಂದೆ ಬಂತು. ಲೋಹವೇ ಬೇಡವೆನ್ನುವವರಿಗೆ ಗ್ರಾಫೈಟ್ ಉಂಟು. ಹಳೆಯ ಟೆಲಿವಿಷನ್ ಚಿತ್ರನಳಿಗೆಯ ಹೊರಮೈಯ ಕಪ್ಪು ಲೇಪ ಇದೇ. ಅಮೆರಿಕದ ಎಡ್ವರ್ಡ್ ಆಚಿಸನ್ ಗ್ರಾಫೈಟನ್ನು ನೀರಿನಲ್ಲಿ ತೇಲಿನಿಲ್ಲುವಂತೆ ಮಾಡಿ ಅದಕ್ಕೆ ‘ಅಕ್ವಡ್ಯಾಗ್’ ಎಂದು ಹೆಸರಿಟ್ಟಿದ್ದರು.

ಬಣ್ಣಗಳ ಗುಣವನ್ನು ಹೋಲಿಸಲು ಒಂದು ವಿಶೇಷ ಮಾನವಿದೆ: ಚೌಕಕ್ಕೆ ಇಷ್ಟು ಓಮ್. ಎಷ್ಟು ಸೆಂಟಿಮೀಟರಿನ ಚೌಕ ಎಂದು ಕೇಳಬೇಕಾಗಿಲ್ಲ; ಎಷ್ಟು ದೊಡ್ಡ ಚೌಕವಾದರೂ ಫಲ ಒಂದೇ. ಚೌಕದ ಉದ್ದವನ್ನು ಇಮ್ಮಡಿ ಮಾಡಿದರೆ ಪ್ರವಾಹದ ಹಾದಿ ಇಮ್ಮಡಿಯಾಗಿ ರೋಧವು ಎರಡು ಪಟ್ಟಾಗುತ್ತದೆ. ಅಗಲವೂ ಇಮ್ಮಡಿಯಾದುದರಿಂದ ಅರ್ಧಕ್ಕಿಳಿದು ಮೊದಲಿನಂತಾಗುತ್ತದೆ. ಇಪ್ಪತ್ತೈದು ಮೈಕ್ರಾನ್ ದಪ್ಪದ ಅಪ್ಪಟ ಬೆಳ್ಳಿಯ ಹಾಳೆಗೆ ಈ ರೋಧ ಸುಮಾರು ೦.೦೦೦೬ ಓಮ್. ಅಷ್ಟೇ ದಪ್ಪದ ಬೆಳ್ಳಿಯ ಬಣ್ಣಕ್ಕೆ ಅದರ ಹತ್ತಾರು ಪಟ್ಟು. ಚೆನ್ನಾಗಿ ಸಿಂಪಡಿಸಿದ ನಿಕ್ಕಲಿನ ಬಣ್ಣಕ್ಕೆ ಸಾಮಾನ್ಯವಾಗಿ ಒಂದು ಓಮಿನ ಆಸುಪಾಸು. ಗ್ರಾಫೈಟಿಗೆ ಹತ್ತಾರು, ನೂರಾರು ಓಮ್.

ಹಾಗಾದರೆ ಎಲ್ಲಕ್ಕಿಂತ ಕಡಿಮೆ ರೋಧದ ಬಣ್ಣವನ್ನೇ ಕೊಳ್ಳಬೇಕೆ? ಇಲ್ಲಿಯೇ ಹಣ ವ್ಯರ್ಥವಾಗುವುದು. ನಮ್ಮ ತೇವಮಾಪಕದ ಸಂಗತಿಯನ್ನು ನೋಡೋಣ. ಮನುಷ್ಯದೇಹದ ಧಾರಕತೆ ನೂರು ಪಿಕೊಫ್ಯಾರಡ್, ಲೇಪದ ರೋಧ ಸಾವಿರ ಓಮ್ ಎಂದಿಟ್ಟುಕೊಂಡರೆ, ಅವೆರಡರ ಗುಣಲಬ್ಧವು ಸೆಕೆಂಡಿನ ಕೋಟಿಯಲ್ಲೊಂದು ಪಾಲು. ಲೇಪದ ಮೇಲೆ ಆವೇಶವು ಹರಿದು ಸಮನಾಗಲು ಬೇಕಾದ ಕಾಲ ಇಷ್ಟೇ. ಮಾಪಕದ ಆಂದೋಲನೆ ಸೆಕೆಂಡಿಗೆ ಒಂದು ಲಕ್ಷವಾದರೆ ಒಂದು ಆವರ್ತನೆಯ ಕಾಲ ಅದರ ನೂರು ಪಟ್ಟು. ಎಂದಮೇಲೆ ಕೈಯ ಪ್ರಭಾವವನ್ನು ತಡೆಯಲು ಅಗ್ಗದ ಗ್ರಾಫೈಟೇ ಸಾಕು; ಬೆಳ್ಳಿ ಬಳಿಯುವುದು ದನದ ಕೊಟ್ಟಿಗೆಗೆ ಅಮೃತಶಿಲೆ ಹಾಸಿದಂತೆ.

ರೇಡಿಯೋ ಅಲೆಗಳನ್ನು ತಡೆಯುವ ಲೆಕ್ಕ ಬೇರೆ. ಶೂನ್ಯದಲ್ಲಿ ಅಲೆಯ ಸಹಜ ಪ್ರತಿಬಾಧೆ ೩೭೭ ಓಮ್. ಲೇಪದ ರೋಧವು ಇದಕ್ಕಿಂತ ಎಷ್ಟು ಕಡಿಮೆಯೋ ತಡೆ ಅಷ್ಟು ಪ್ರಬಲ. ಸಾವಿರ ಓಮಿನ ಲೇಪವು ನೇರವಾಗಿ ಬಂದ ಅಲೆಯ ಕ್ಷೇತ್ರದ ನೂರಕ್ಕೆ ಎಂಬತ್ತನಾಲ್ಕು ಪಾಲನ್ನು ಒಳಗೆ ಬಿಡುತ್ತದೆ. ನೂರು ಓಮಿನದು ಮೂರನೆಯ ಒಂದು ಭಾಗವನ್ನು. ಒಂದು ಓಮಿನದು ೧೯೦ರಲ್ಲಿ ಒಂದು ಭಾಗವನ್ನು ಮಾತ್ರ. ಮೂಡಿಗೆರೆಯ ಸುತ್ತಿನ ತೋಟಗಳಲ್ಲಿ ಆನೆಗಳನ್ನು ತಡೆಯಲು ಹಾಕಿದ ವಿದ್ಯುತ್ ಬೇಲಿಯು ಸೆಕೆಂಡಿಗೊಮ್ಮೆಯಂತೆ ಹೊಡೆಯುವ ಮಿಡಿತವು ರೇಡಿಯೋದಲ್ಲಿ ‘ಟಕ್ ಟಕ್’ ಎಂದು ಕೇಳಿಸುವುದು ಹಲವರಿಗೆ ಗೊತ್ತು. ಇಂಥ ಬೇಲಿಯ ಬಳಿ, ಇಲ್ಲವೆ ಮೊಬೈಲ್ ಫೋನಿನ ಪಕ್ಕದಲ್ಲಿ ಕೆಲಸ ಮಾಡಬೇಕಾದ ಉಪಕರಣಕ್ಕೆ ನಿಕ್ಕಲೋ, ಬೆಳ್ಳಿ ಮುಲಾಮಿನ ತಾಮ್ರವೋ ಬೇಕು. ನಮ್ಮ ವ್ಯವಹಾರಕ್ಕೆ ನಿಕ್ಕಲೇ ಯೋಗ್ಯವೆಂದು ನನ್ನ ಮತ.

ಸಿಂಪಡಿಸುವ ವಿದ್ಯೆಯನ್ನು ಕಾಫಿ ಬೆಳೆಗಾರರಿಗೆ ಹೊಸದಾಗಿ ಕಲಿಸಬೇಕಾಗಿಲ್ಲ. ಬೋರ್ಡೋ ದ್ರಾವಣವನ್ನು ಕಲಕುತ್ತಲೇ ಇರಬೇಕು, ಇಲ್ಲವಾದರೆ ಮೊದಲ ಗಿಡಗಳಿಗೆ ಬರಿ ನೀರು, ಕೊನೆಯವಕ್ಕೆ ಗಸಿ ಎಂಬುದನ್ನು ಅವರು ಬಲ್ಲರು. ಲೋಹದ ಬಣ್ಣದಲ್ಲಿ ಈ ತೊಂದರೆ ಇನ್ನೂ ಹೆಚ್ಚು. ನಿಕ್ಕಲು ಗಾತ್ರಕ್ಕೆ ಗಾತ್ರ ನೀರಿನ ಒಂಬತ್ತರಷ್ಟು, ಬೆಳ್ಳಿ ಹತ್ತೂವರೆಯಷ್ಟು ಭಾರ. ಡಬ್ಬಿಯ ತಳದಲ್ಲಿ ಕೆಸರಿನಂತೆ ಕುಳಿತ ಹುಡಿಯೇ ನಾವು ಹಣ ಕೊಟ್ಟ ಸರಕು. ಅದನ್ನು ಕಡ್ಡಿಯಿಂದ ಪೂರ್ತಿ ಎಬ್ಬಿಸಿ, ಸಿಂಪಡಿಸುವಾಗಲೂ ನಿಮಿಷಕ್ಕೊಮ್ಮೆ ಪಾತ್ರೆಯನ್ನು ಅಲುಗಿಸುತ್ತಿರಬೇಕು.

ಗಾಳಿಯ ಒತ್ತಡ ಹೆಚ್ಚಾದಷ್ಟೂ ಒಳ್ಳೆಯದೆಂಬ ನಂಬಿಕೆ ಇಲ್ಲಿ ಸಲ್ಲದು. ಒತ್ತಡ ಹೆಚ್ಚಿದರೆ ಹನಿಗಳು ತೀರ ಸಣ್ಣವಾಗಿ ದಾರಿಯಲ್ಲೇ ಒಣಗಿ, ಮೇಲ್ಮೈಗೆ ಬಂದು ಬೀಳುವುದು ಬಣ್ಣವಲ್ಲ, ಧೂಳು. ಅದನ್ನು ಬೆರಳಿನಿಂದ ಒರಸಿದರೆ ಕೈಗೆ ಬರುತ್ತದೆ. ಅದರ ರೋಧವೂ ಹೆಚ್ಚು. ಒಂದು ಗೇಣಿನಷ್ಟು ದೂರದಿಂದ, ಕೈಯನ್ನು ಒಂದೇ ವೇಗದಲ್ಲಿ ಸರಿಸುತ್ತ, ಪ್ರತಿ ಸಾಲೂ ಹಿಂದಿನ ಸಾಲಿನ ಅರ್ಧವನ್ನು ಮುಚ್ಚುವಂತೆ ಹೊಡೆಯಬೇಕು. ದಪ್ಪನೆಯ ಒಂದು ಲೇಪಕ್ಕಿಂತ ತೆಳ್ಳನೆಯ ಮೂರು ಲೇಪ ಮೇಲು: ಮೊದಲನೆಯದು ಉದ್ದಕ್ಕೆ, ಮುಂದಿನದು ಅಡ್ಡಕ್ಕೆ. ಒಳಮೂಲೆಗಳಿಗೆ ಗಾಳಿ ತಿರುಗಿ ಬಂದು ಹನಿಗಳನ್ನು ಹೊರಕ್ಕೆ ತಳ್ಳುವುದರಿಂದ ಅಲ್ಲಿ ಬಣ್ಣ ಕೂರುವುದಿಲ್ಲ. ಮೂಲೆಗಳಿಗೆ ಕುಂಚವೇ ಗತಿ. ಗನ್ನಿನಿಂದ ಹೊರಟ ಬಣ್ಣದಲ್ಲಿ ಅರ್ಧಕ್ಕಿಂತ ಹೆಚ್ಚು ಗಾಳಿಯ ಪಾಲಾಗುವುದು ಅಪರೂಪವಲ್ಲ. ನಿಕ್ಕಲಾದರೆ ಸಹಿಸಬಹುದು, ಬೆಳ್ಳಿಯಾದರೆ ಕರುಳು ಚುರುಕ್ಕೆನ್ನುತ್ತದೆ. ಸಣ್ಣ ಡಬ್ಬಿಗೆ ಬೆಳ್ಳಿಯನ್ನು ಕುಂಚದಿಂದಲೇ ಹಚ್ಚುವುದು ಜಾಣತನ.

ಬಣ್ಣ ಹಿಡಿಯುವ ಮೈಯೂ ಶುದ್ಧವಾಗಿರಬೇಕು. ಅಚ್ಚಿನಿಂದ ಬಿಡಿಸುವಾಗ ಬಳಸಿದ ಜಿಡ್ಡು ಪ್ಲಾಸ್ಟಿಕ್ಕಿನ ಮೇಲೆ ಉಳಿದಿರುತ್ತದೆ. ಅದನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರಸಿ, ನುಣುಪಾದ ಉಪ್ಪುಕಾಗದದಿಂದ ತಿಕ್ಕಬೇಕು. ಬಣ್ಣದ ದ್ರಾವಕವು ಡಬ್ಬಿಯನ್ನೇ ಕರಗಿಸುವುದೂ ಉಂಟು. ಪಾಲಿಸ್ಟೈರೀನ್ ಅಸಿಟೋನಿನ ಮುಂದೆ ನಿಲ್ಲಲಾರದು. ಕಣ್ಣಿಗೆ ಬೀಳದ ಮೂಲೆಯೊಂದರಲ್ಲಿ ಒಂದು ತೊಟ್ಟು ಹಾಕಿ ನೋಡಿದರೆ ಸಂದೇಹ ಪರಿಹಾರವಾಗುತ್ತದೆ.

ಮಲೆನಾಡಿನವರು ಎಲ್ಲಕ್ಕಿಂತ ಹೆಚ್ಚಾಗಿ ಗಮನಿಸಬೇಕಾದುದು ಇಬ್ಬನಿ ಬಿಂದುವನ್ನು. ಹವೆಯನ್ನು ತಂಪುಮಾಡುತ್ತ ಹೋದರೆ ಯಾವ ಉಷ್ಣತೆಯಲ್ಲಿ ಅದರ ತೇವವು ಹನಿಯಾಗತೊಡಗುವುದೋ ಅದೇ ಇಬ್ಬನಿ ಬಿಂದು. ಮಳೆಗಾಲದ ಒಂದು ದಿನ ಉಷ್ಣತೆ ೨೦ ಡಿಗ್ರಿ ಸೆಲ್ಸಿಯಸ್, ಸಾಪೇಕ್ಷ ಆರ್ದ್ರತೆ ನೂರಕ್ಕೆ ೯೦ ಎಂದಿಟ್ಟುಕೊಳ್ಳಿ. ಇಬ್ಬನಿ ಬಿಂದು ೧೮.೩ ಡಿಗ್ರಿ; ನಡುವಣ ಅಂತರ ಎರಡು ಡಿಗ್ರಿಯೂ ಇಲ್ಲ. ದ್ರಾವಕವು ಆವಿಯಾಗುವಾಗ ಲೇಪದ ಮೈಯನ್ನು ಅದಕ್ಕಿಂತ ಹೆಚ್ಚು ತಣ್ಣಗಾಗಿಸುತ್ತದೆ. ಒಡನೆಯೇ ಹಸಿ ಬಣ್ಣದ ಮೇಲೆ ಕಣ್ಣಿಗೆ ಕಾಣದ ಇಬ್ಬನಿ ಇಳಿದು, ಬಣ್ಣ ಮಂಕಾಗಿ ಬೆಳ್ಳಗಾಗುತ್ತದೆ. ಬಂಧಕದಲ್ಲಿ ನೀರು ಸಿಕ್ಕಿಕೊಂಡು ಕಣಗಳ ಸಂಪರ್ಕ ಕೆಡುತ್ತದೆ. ಮೇಲ್ಮೈಯ ಉಷ್ಣತೆಯು ಇಬ್ಬನಿ ಬಿಂದುವಿಗಿಂತ ಮೂರು ಡಿಗ್ರಿಯಾದರೂ ಮೇಲಿರಬೇಕೆಂಬುದು ಬಣ್ಣಗಾರರ ಕಟ್ಟಳೆ. ಜನವರಿಯ ಒಂದು ಮಧ್ಯಾಹ್ನ ೨೨ ಡಿಗ್ರಿ ಉಷ್ಣತೆ, ೬೦ ಆರ್ದ್ರತೆ ಇದ್ದರೆ ಇಬ್ಬನಿ ಬಿಂದು ೧೩.೯, ಆಗ ನಿಶ್ಚಿಂತೆಯಿಂದ ಕೆಲಸ ಮಾಡಬಹುದು. ಕಾಫಿ ಒಣಗಿಸಲು ಯಾವ ಹವೆ ಒಳ್ಳೆಯದೋ ಬಣ್ಣ ಹೊಡೆಯಲೂ ಅದೇ ಹವೆ ಒಳ್ಳೆಯದು.

ಆದರೆ ಎರಡು ಕೆಲಸಗಳೂ ಒಂದೇ ಅಂಗಳದಲ್ಲಿ ನಡೆಯಬಾರದು. ಕಾಫಿ ಬೀಜ ಸುತ್ತಲಿನ ವಾಸನೆಯನ್ನು ಬಹಳ ಬೇಗ ಹೀರಿಕೊಳ್ಳುತ್ತದೆ. ತಿನ್ನರಿನ ಗಂಧ ಹಿಡಿದ ಮೂಟೆಯನ್ನು ರುಚಿ ನೋಡುವವರು ಒಂದೇ ಗುಟುಕಿಗೆ ತಳ್ಳಿಹಾಕುತ್ತಾರೆ. ಆದುದರಿಂದ ಕಣ, ಗೋದಾಮುಗಳ ಬಳಿ ಸಿಂಪಡಿಸುವುದು ಬೇಡ. ಮಾಪಕದಲ್ಲಿ ಬೀಜ ಸುರಿಯುವ ಬಟ್ಟಲಿಗೂ ಈ ಬಣ್ಣ ಸೋಕಕೂಡದು; ಅಲ್ಲಿ ಉಕ್ಕಿನ ಪಾತ್ರೆಯೇ ಇರಲಿ. ಸಿಂಪಡಿಸುವವರು ಗಾಳಿಯಾಡುವ ಕಡೆ, ಒಲೆ ಬೀಡಿಗಳಿಂದ ದೂರ ನಿಂತು, ದ್ರಾವಕದ ಆವಿಯನ್ನೂ ಧೂಳನ್ನೂ ತಡೆಯುವ ಮುಖವಾಡ ಧರಿಸಿರಬೇಕು. ನಿಕ್ಕಲಿನ ಧೂಳನ್ನು ಉಸಿರಾಡುವುದು ಶ್ವಾಸಕೋಶಕ್ಕೆ ಕೇಡು. ಕೆಲವರ ಚರ್ಮಕ್ಕೂ ಅದು ಒಗ್ಗದು. ಬಟ್ಟೆಯ ತುಂಡನ್ನು ಮೂಗಿಗೆ ಕಟ್ಟಿಕೊಂಡರೆ ಸಾಲದು.

ಒಣಗಿದ ಮೇಲೆ ಅಳತೆ. ಲೇಪದ ಮೇಲೆ ಎರಡು ಮೊನೆಗಳನ್ನು ಒತ್ತಿ ಹಿಡಿದರೆ ಮುಖ್ಯವಾಗಿ ಅಳತೆಗೆ ಸಿಗುವುದು ಮೊನೆಯ ಕೆಳಗಿನ ಸಂಪರ್ಕದ ರೋಧ. ಡಬ್ಬಿಯೊಡನೆಯೇ ಒಂದು ಪ್ಲಾಸ್ಟಿಕ್ ಹಾಳೆಗೂ ಬಣ್ಣ ಹೊಡೆದು, ಅದರಲ್ಲಿ ಒಂದು ಚೌಕದ ಎದುರುಬದುರಿನ ಅಂಚುಗಳಿಗೆ ಉದ್ದಕ್ಕೂ ತಾಮ್ರದ ಪಟ್ಟಿಗಳನ್ನು ಬಿಗಿಯಾಗಿ ಒತ್ತಿ ಅಳೆಯಬೇಕು. ಮೀಟರಿನ ಎರಡು ತಂತಿಗಳನ್ನು ಪರಸ್ಪರ ಮುಟ್ಟಿಸಿದಾಗ ಬರುವ ಅಂಕಿಯನ್ನು ಅದರಿಂದ ಕಳೆಯತಕ್ಕದ್ದು.

ಡಬ್ಬಿಗೂ ಮುಚ್ಚಳಕ್ಕೂ ನಡುವಿನ ಸೀಳು ರೇಡಿಯೋ ಅಲೆಗಳಿಗೆ ತೆರೆದ ಬಾಗಿಲಿದ್ದಂತೆ. ಎರಡರ ಅಂಚಿನ ಮೇಲೂ ಬಣ್ಣ ಹರಡಿ, ಮುಚ್ಚಿದಾಗ ಅವು ಸುತ್ತಲೂ ಮುಟ್ಟುವಂತಿರಬೇಕು. ನೆಲತಂತಿಯನ್ನು ಲೇಪಕ್ಕೆ ಬೆಸುಗೆ ಹಾಕಲಾಗದು. ಅಗಲವಾದ ಲೋಹದ ಬಿಲ್ಲೆಯನ್ನು ಸ್ಕ್ರೂವಿನಿಂದ ಬಿಗಿದು, ಅದರ ಸುತ್ತ ಅದೇ ಬಣ್ಣವನ್ನು ಇನ್ನೊಮ್ಮೆ ಹಚ್ಚಿದರೆ ಸರಿಹೋಗುತ್ತದೆ. ಬ್ಯಾಟರಿಯ ಮನೆ, ಮಂಡಲದ ಹಲಗೆ ಕೂರುವ ಗೂಟಗಳು ಇವನ್ನು ಸಿಂಪಡಿಸುವ ಮೊದಲೇ ಅಂಟುಪಟ್ಟಿಯಿಂದ ಮುಚ್ಚಿರಬೇಕು.

ಕೆಲಸ ಮುಗಿದ ದಿನ ನೆಲತಂತಿಯಿಂದ ಡಬ್ಬಿಯ ದೂರದ ಮೂಲೆಗೆ ಎಷ್ಟು ಓಮ್ ಬಂತೆಂಬುದನ್ನು ದಿನಾಂಕದೊಡನೆ ಮುಚ್ಚಳದ ಒಳಗೆ ಬರೆದಿಡುವುದು ಒಳ್ಳೆಯ ರೂಢಿ. ಮಳೆಗಾಲ ಕಳೆದು, ಹೊಸ ಹಣ್ಣಿನ ಕೊಯ್ಲಿಗೆ ಮುಂಚೆ, ಅಕ್ಟೋಬರಿನಲ್ಲೊಮ್ಮೆ ಅದೇ ಎರಡು ಸ್ಥಳಗಳ ನಡುವೆ ಮತ್ತೆ ಅಳೆಯಬೇಕು. ಇಮ್ಮಡಿಯಾಗಿದ್ದರೆ ಚಿಂತೆಯಿಲ್ಲ. ಹತ್ತು ಪಟ್ಟಾಗಿದ್ದರೆ ಬಣ್ಣವನ್ನು ದೂರುವ ಮುನ್ನ ಸ್ಕ್ರೂವನ್ನು ಸಡಿಲಿಸಿ ಬಿಲ್ಲೆಯ ಕೆಳಗೆ ನೋಡಬೇಕು. ಹಸುರು ಕಿಲುಬು ಮೊದಲು ಹಿಡಿಯುವುದು ಅಲ್ಲಿ.